ಸೆಲೆ ಸತ್ತದ್ದು ಹೂಳಿನಿಂದಲ್ಲ

ಕೊಪ್ಪಳ, ಕುಷ್ಟಗಿ, ಲಿಂಗಸುಗೂರು ಕಡೆ ಹಳೆಯ ಮೆಟ್ಟಿಲು ಬಾವಿಗೆ ಮರುಜೀವ ಕೊಡಬೇಕು ಎಂದರೆ ಮೊದಲು ಬಂದು ನಿಲ್ಲುವುದೇ ಜೆಸಿಬಿ. ಹೂಳು ಹೋಗುತ್ತದೆ, ಮಳೆ ನೀರು ತುಂಬುತ್ತದೆ, ಶಿವರಾತ್ರಿ ಹೊತ್ತಿಗೆ ಮತ್ತೆ ತಳ ಕಾಣುತ್ತದೆ. ಸೆಲೆ ಯಾಕೆ ನಿಂತಿತು ಅನ್ನುವುದನ್ನು ಯಾರೂ ನೋಡಿರುವುದಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸರಟೋಗಾ ಸ್ಪ್ರಿಂಗ್ಸ್ ಊರಿಗೂ ಒಮ್ಮೆ ಇದೇ ಪ್ರಶ್ನೆ ಎದುರಾಗಿತ್ತು. ಅಲ್ಲಿನದು ಖನಿಜ ಬುಗ್ಗೆಗಳು. ನೆಲದ ಬಿರುಕಿನ ಗುಂಟ ಇಂಗಾಲದ ಡೈಆಕ್ಸೈಡ್ ತುಂಬಿದ ತಣ್ಣೀರು ಮೇಲೇರುತ್ತದೆ. ಅದರ ಮೇಲಿರುವ ಜೇಡಿಗಲ್ಲಿನ ಪದರ ಮುಚ್ಚಳದ ಹಾಗೆ ಒತ್ತಡ ಹಿಡಿದಿಟ್ಟಿರುತ್ತದೆ. ಗೋಲಿ ಒತ್ತಿದ ಕೂಡಲೇ ಸೋಡಾ ಉಕ್ಕುತ್ತದಲ್ಲ, ಬುಗ್ಗೆ ಮೇಲೇಳುವುದೂ ಹಾಗೆಯೇ. 1800ರ ಆಸುಪಾಸಿನಲ್ಲಿ ಗಿಡಿಯನ್ ಪುಟ್ನಮ್ ಇಲ್ಲೊಂದು ವಸತಿಗೃಹ ಕಟ್ಟಿಸಿದ. ಆಮೇಲೆ ರೈಲು ಬಂತು, ಬಾಟಲಿ ನೀರಿನ ವ್ಯಾಪಾರ ಬೆಳೆಯಿತು, 1863ರಿಂದ ಕುದುರೆ ಜೂಜೂ ಸೇರಿಕೊಂಡಿತು.

ಕೇಡು ತಂದದ್ದು ಆ ಗ್ಯಾಸೇ. 1890ರ ದಶಕದಲ್ಲಿ ಸೋಡಾ ಅಂಗಡಿಗಳಿಗೆ ಗ್ಯಾಸ್ ಮಾರುವ ಕಂಪನಿಗಳು ಬಂಡೆಗೆ ಬಾವಿ ಕೊರೆದು, ಪಂಪು ಹಚ್ಚಿ, ಗ್ಯಾಸ್ ತೆಗೆದುಕೊಂಡು ನೀರನ್ನು ಸುಮ್ಮನೆ ಹರಿಯಬಿಟ್ಟವು. ಒತ್ತಡ ಇಳಿಯಿತು, ನೀರಿನ ಮಟ್ಟ ಕುಸಿಯಿತು, ಬುಗ್ಗೆಗಳು ಒಂದೊಂದಾಗಿ ನಿಂತವು. ಮಳೆ ಕೊರತೆಗೂ ಇದಕ್ಕೂ ಸಂಬಂಧವಿರಲಿಲ್ಲ. 1908ರಲ್ಲಿ ಇಂಥ ಪಂಪಿಂಗ್ ನಿಷೇಧಿಸುವ ಕಾನೂನು ಬಂತು. ಮರುವರ್ಷದಿಂದ ರಾಜ್ಯ ಸರ್ಕಾರವೇ ಬುಗ್ಗೆಗಳನ್ನೂ ಸುತ್ತಲಿನ ಜಮೀನನ್ನೂ ಕೊಂಡು, ಬೇಡದ ಬಾವಿಗಳನ್ನು ಮುಚ್ಚಿಸತೊಡಗಿತು. ‘ನಮ್ಮ ಜಮೀನಿನಡಿಯ ನೀರು ನಮ್ಮ ಹಕ್ಕು’ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರ್ಟು 1911ರಲ್ಲಿ ಕಾನೂನನ್ನೇ ಎತ್ತಿ ಹಿಡಿಯಿತು: ನೆಲದಡಿಯ ಸೆಲೆ ಅದರ ಮೇಲಿನ ಎಲ್ಲ ಜಮೀನುದಾರರಿಗೂ ಸೇರಿದ್ದು, ಒಬ್ಬನು ಪೋಲು ಮಾಡುವುದನ್ನು ಸರ್ಕಾರ ತಡೆಯಬಹುದು. ನೀರು ಮತ್ತೆ ಏರಿತು. 1935ರಲ್ಲಿ ಅಲ್ಲಿ ದೊಡ್ಡ ಸ್ನಾನಗೃಹಗಳು ತೆರೆದವು.

ನಮ್ಮ ನೆಲ ಬೇರೆ. ಗ್ರಾನೈಟು, ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಬಂಡೆ, ಗ್ಯಾಸಿನ ಮಾತೇ ಇಲ್ಲ. ಹಳೆಯ ಬಾವಿಗೆ ಜೀವ ಕೊಡುವುದು ಬಂಡೆ ಸವೆದು ಸಡಿಲಾದ ಮೇಲಿನ ಶಿಥಿಲ ಪದರದ ಜಿನುಗು. ಪಕ್ಕದ ಹೊಲದ ಬೋರು ಅದರ ಕೆಳಗಿನ ಸೀಳುಗಳಿಂದ ನೀರೆಳೆದಾಗ ಮೇಲಿನ ಪದರವೂ ಬಸಿದು ಕೆಳಗಿಳಿಯುತ್ತದೆ. ಬಾವಿಯನ್ನು ಎಷ್ಟು ಅಗೆದರೂ ಆ ನೀರು ತಿರುಗಿ ಬರುವುದಿಲ್ಲ.

ಹಾಗಾಗಿ ಹೂಳಿಗಿಂತ ಮೊದಲು ಅಳತೆ. ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಟೇಪು ಇಳಿಸಬೇಕು. ಬೋರಿನ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಬರುವುದಕ್ಕೆ ಮುಂಚೆ ಒಮ್ಮೆ, ಹೋದ ಕೂಡಲೇ ಇನ್ನೊಮ್ಮೆ ಅಳೆಯಬೇಕು. ಆಟೋ ಸ್ಟಾರ್ಟರ್ ಹಾಕಿದ ಪಂಪುಗಳೆಲ್ಲ ಒಟ್ಟಿಗೇ ಶುರುವಾಗುವುದರಿಂದ ಆ ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಅರ್ಧ ಕಥೆ ಹೇಳುತ್ತದೆ. ರೈತರು ಒಪ್ಪಿದರೆ ಸುತ್ತಲಿನ ಬೋರುಗಳನ್ನು ಎರಡು ದಿನ ನಿಲ್ಲಿಸಿ, ಆರು ಗಂಟೆಗೊಮ್ಮೆ ಅಳೆಯಿರಿ. ಬಾವಿ ಏರಿದರೆ ಸೆಲೆ ಇನ್ನೂ ಇದೆ. ಬಿತ್ತನೆಯ ಅವಸರದಲ್ಲಿ ಈ ಪರೀಕ್ಷೆ ನಡೆಯದು, ಕೊಯ್ಲಾದ ಮೇಲೆ ಕೇಳಬೇಕು.

ಹೂಳು ತೆಗೆಯುವಾಗ ಕಪ್ಪು ಕೆಸರು ಮುಗಿದು ಗಟ್ಟಿ ಮೊರಂ ಸಿಕ್ಕಲ್ಲಿಗೆ ನಿಲ್ಲಿಸಿ. ಕೊನೆಯ ಮೂರ್ನಾಲ್ಕು ಅಡಿ ಕೈಕೆಲಸವೇ ಇರಲಿ, ಯಂತ್ರದ ಬಕೆಟ್ಟು ಗೋಡೆಯ ಬುಡ ಕಿತ್ತರೆ ಮೇಲಿನ ಕಲ್ಲೆಲ್ಲ ಜಾರುತ್ತದೆ. ಕಲ್ಲಿನ ಸಂದಿಗೆ ಸಿಮೆಂಟು ಮೆತ್ತುವುದಂತೂ ಬೇಡವೇ ಬೇಡ: ನೀರು ಜಿನುಗುವ ದಾರಿ ಅದೇ. ದಾರಿ ಮುಚ್ಚಿದರೆ ಹಿಂದೆ ಒತ್ತಡ ಕೂಡಿ ಗೋಡೆ ಉಬ್ಬುತ್ತದೆ.

ಇನ್ನು ಖನಿಜದ ಮಾತು. ಸರಟೋಗಾ ನೀರಿನ ಖನಿಜವನ್ನೇ ಮಾರಿತು, ನಮ್ಮಲ್ಲಿ ಯಲಬುರ್ಗಾ, ಕುಷ್ಟಗಿ ಭಾಗಕ್ಕೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಶಾಪವಾಗಿದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದ ಕಡೆ 1.5. ಮಾದರಿಯನ್ನು ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ತೆಗೆದುಕೊಳ್ಳಿ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಹುದು. ಹಳೆಯ ಬಾವಿಯ ನೀರನ್ನೂ ಬೋರಿನ ನೀರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಬಂಡೆಯೊಳಗೆ ಬಹುಕಾಲ ನಿಂತ ಆಳದ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಹೆಚ್ಚು. ಮೇಲಿನ ಪದರದ ನೀರನ್ನು ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬತ್ತಿದ ಬೋರುಗಳಿಗೆ ಕ್ಯಾಪ್ ಹಾಕಿ ಮುಚ್ಚಿ. ಮಳೆ ನೀರು ಇಂಗಿಸುವುದಾದರೆ ಬೋರಿನ ಸುತ್ತ ಹತ್ತಡಿ ಚೌಕದ ಗುಂಡಿ ತೆಗೆದು, ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು ತುಂಬಿ. ಗೊಬ್ಬರ, ಔಷಧಿ ಹೊಡೆದ ಹೊಲದ ನೀರನ್ನು ಮಾತ್ರ ನೇರ ಬಿಡಬೇಡಿ, ಅದು ಇಳಿಯುವುದು ಊರಿನ ಸೆಲೆಗೇ.