ಎಲ್ಟ್ಸ್ ಕೋಟೆ: ಒಂದೇ ಬಂಡೆ, ಮೂರು ಪಾಲು

ಜರ್ಮನಿಯ ಕೊಬ್ಲೆನ್ಸ್ ಮತ್ತು ಟ್ರಿಯರ್ ನಡುವೆ ಎಲ್ಟ್ಸ್‌ಬಾಖ್ ಎಂಬ ಹಳ್ಳವೊಂದು ಮೋಸೆಲ್ ನದಿ ಸೇರುವ ಮುನ್ನ ಸುಮಾರು 70 ಮೀಟರ್ ಎತ್ತರದ ಬಂಡೆಯನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಆ ಬಂಡೆಯ ಮೇಲಿದೆ ಎಲ್ಟ್ಸ್ ಮನೆತನದ ಕೋಟೆ. ಎಂಟು ಗೋಪುರ, ನೂರಕ್ಕೂ ಹೆಚ್ಚು ಕೋಣೆ. ಯಾರೋ ಒಬ್ಬ ದೊರೆ ಮನಸ್ಸಿಗೆ ಬಂದಂತೆ ಕಟ್ಟಿಸಿದ್ದಾನೆ ಎಂದು ನೋಡಿದವರಿಗೆ ಅನಿಸುತ್ತದೆ. ಅಸಲಿಗೆ ಇದು ದಾಯಾದಿಗಳ ಮನೆ. ಅದರ ಆಕಾರವನ್ನು ತೀರ್ಮಾನಿಸಿದ್ದು ಆಸ್ತಿ ಪಾಲು.

1157ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನ ದಾನಪತ್ರಕ್ಕೆ ಸಾಕ್ಷಿ ಹಾಕಿದವರಲ್ಲಿ ಎಲ್ಟ್ಸ್‌ನ ರುಡಾಲ್ಫ್ ಒಬ್ಬ. ಈ ಮನೆತನದ ಹೆಸರು ಮೊದಲು ಕಾಣುವುದು ಅಲ್ಲೇ. 1268ಕ್ಕೂ ಮುಂಚೆ ಎಲಿಯಾಸ್, ವಿಲ್ಹೆಲ್ಮ್, ಥಿಯೋಡೊರಿಕ್ ಎಂಬ ಅಣ್ಣತಮ್ಮಂದಿರು ಬೇರೆಯಾದರು. ಒಬ್ಬನ ಲಾಂಛನ ಚಿನ್ನದ ಸಿಂಹ, ಇನ್ನೊಬ್ಬನದು ಬೆಳ್ಳಿಯ ಸಿಂಹ, ಮೂರನೆಯವನದು ಕೋಣದ ಕೊಂಬು. ಹೊಲವನ್ನಾದರೆ ಬದು ಹಾಕಿ ಹಂಚಿಕೊಳ್ಳಬಹುದು. ಕೋಟೆಯನ್ನು ಹಾಗೆ ತುಂಡು ಮಾಡಿದರೆ ಅದು ಕೋಟೆಯಾಗಿ ಉಳಿಯುವುದಿಲ್ಲ. ಇದಕ್ಕೆ ಜರ್ಮನ್ನರು ಕಂಡುಕೊಂಡ ದಾರಿ ಗಾನೆರ್ಬೆನ್‌ಬುರ್ಗ್, ಅಂದರೆ ದಾಯಾದಿಗಳ ಜಂಟಿ ಕೋಟೆ. ವಾಸದ ಮನೆ ಬೇರೆ, ಒಲೆ ಬೇರೆ. ಹೆಬ್ಬಾಗಿಲು, ಅಂಗಳ, ಕಾವಲು ಎಲ್ಲರದು. ಕೋಟೆಯೊಳಗೆ ಒಬ್ಬರ ಮೇಲೊಬ್ಬರು ಕತ್ತಿ ಎತ್ತಕೂಡದು, ರಿಪೇರಿಗೆ ಎಲ್ಲರೂ ಹಣ ಹಾಕಬೇಕು ಎಂಬಂಥ ಕರಾರುಗಳನ್ನು ಇಂಥ ಕೋಟೆಗಳಲ್ಲಿ ಬರೆದಿಡುತ್ತಿದ್ದರು.

ಜಾಗದ ಆಯ್ಕೆ ಜಾಣತನದ್ದೇ. ಮೂರು ಕಡೆ ನೀರು, ಕಡಿದಾದ ಇಳಿಜಾರು. ಆದರೆ ಸುತ್ತಲಿನ ಗುಡ್ಡಗಳು ಕೋಟೆಗಿಂತ ಎತ್ತರ. ಹತ್ತಿ ಬರಲಾಗದವನು ಮೇಲಿನಿಂದ ಹೊಡೆಯಬಹುದು. ಧರ್ಮಗುರುವೂ ಆ ಸೀಮೆಯ ಆಳರಸನೂ ಆಗಿದ್ದ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಮಾಡಿದ್ದು ಅದನ್ನೇ. ತನ್ನ ಅಧಿಕಾರಕ್ಕೆ ತಲೆಬಾಗದ ಎಲ್ಟ್ಸ್ ಮತ್ತು ನೆರೆಯ ಜಮೀನ್ದಾರ ಯೋಧರಾದ ನೈಟ್‌ಗಳ ಕೂಟದ ಮೇಲೆ 1331ರಲ್ಲಿ ತಿರುಗಿಬಿದ್ದ ಆತ, ಎದುರಿನ ಗುಡ್ಡದಲ್ಲಿ ಕೂಗಳತೆಯ ದೂರಕ್ಕೆ ಟ್ರುಟ್ಸೆಲ್ಟ್ಸ್ ಎಂಬ ಮುತ್ತಿಗೆ ಕೋಟೆಯನ್ನೇ ಕಟ್ಟಿಸಿ, ಅಲ್ಲಿಂದ ಕವಣೆಯಂತ್ರಗಳಲ್ಲಿ ಕಲ್ಲುಗುಂಡು ಎಸೆಸಿದ. ಆ ಮುತ್ತಿಗೆಯ ಕಾಲದ, ಫಿರಂಗಿಯಿಂದ ಹಾರಿಸುವ ಬಾಣಗಳೂ ಕೋಟೆಯಲ್ಲಿ ಉಳಿದಿವೆ. ಆಲ್ಪ್ಸ್‌ನ ಉತ್ತರಕ್ಕೆ ಸಿಡಿಮದ್ದು ಬಳಸಿದ್ದಕ್ಕೆ ತೀರ ಹಳೆಯ ಕುರುಹುಗಳಲ್ಲಿ ಅವೂ ಸೇರಿವೆ. ಗೋಡೆ ಬೀಳಲಿಲ್ಲ, ಒಳಗಿದ್ದವರು ಸೋತರು. ಎಲ್ಟ್ಸ್‌ನವರು ಸ್ವತಂತ್ರ ನೈಟ್‌ಗಳಾಗಿ ಉಳಿಯದೆ ಬಾಲ್ಡುಯಿನ್‌ನ ಅಧೀನರಾದರು. ಟ್ರುಟ್ಸೆಲ್ಟ್ಸ್ ಈಗ ಕಾಡಿನ ನಡುವೆ ಹಾಳುಗೋಡೆ.

ಇನ್ನು ಕಟ್ಟಡ. ಬಂಡೆಯ ತಲೆ ಸಮತಟ್ಟಲ್ಲ, ಅದನ್ನು ಕಡಿದು ಸಮ ಮಾಡಲೂ ಇಲ್ಲ. ತಳಪಾಯ ಬಂಡೆಯ ಅಂಚನ್ನೇ ಹಿಡಿದು ಸಾಗಿದೆ. ಹಾಗಾಗಿ ಒಳಗೆ ಸರಿಯಾದ ಚೌಕದ ಕೋಣೆ ಹುಡುಕಿದರೂ ಸಿಗುವುದು ಕಷ್ಟ. ಸಂಸಾರ ಬೆಳೆದರೆ ಅಗಲಕ್ಕೆ ಹೋಗಲು ಜಾಗವಿಲ್ಲ, ಎತ್ತರಕ್ಕೇ ಹೋಗಬೇಕು. ಗೋಪುರಗಳು 30–40 ಮೀಟರ್ ಮುಟ್ಟಿದ್ದು ಹೀಗೆ. ಕೆಳಗೆ ದಪ್ಪ ಕಲ್ಲುಗೋಡೆ, ಮೇಲೆ ಹಗುರವಾದ ಮರದ ಚೌಕಟ್ಟಿನ ಗೋಡೆ, ಅದರ ಮೇಲೆ ಸ್ಲೇಟ್ ಕಲ್ಲಿನ ಚಾವಣಿ. ಮನೆತನದ ಮೂರು ಕವಲುಗಳ ಹೆಸರಿನ ಮನೆಗಳಲ್ಲಿ ರ್ಯೂಬೆನಾಖ್ ಮನೆ ಮುಗಿದದ್ದು 1472ರಲ್ಲಿ, ರೋಡೆನ್‌ಡೋರ್ಫ್ ಮನೆ 1490–1540ರಲ್ಲಿ, ಕೆಂಪೆನಿಖ್ ಮನೆ 17ನೇ ಶತಮಾನದ ನಡುವಿಗೆ. ಮೂರೂ ಒಂದೇ ಇಕ್ಕಟ್ಟಿನ ಅಂಗಳಕ್ಕೆ ಮುಖ ಮಾಡಿವೆ.

ರ್ಯೂಬೆನಾಖ್ ಮಲಗುವ ಕೋಣೆಯಲ್ಲೊಂದು ಸೊಗಸಾದ ಪರಿಹಾರವಿದೆ. ಅಲ್ಲಿ ಪ್ರಾರ್ಥನೆಗೆ ಪೂಜಾವೇದಿಕೆ ಬೇಕು. ಆದರೆ ವೇದಿಕೆಯ ಮೇಲ್ಗಡೆ ಯಾರೂ ವಾಸಿಸಬಾರದು ಎಂಬ ನಿಯಮ, ಕೋಣೆಯ ಮೇಲೆ ಮಹಡಿಗಳಿವೆ. ಅದಕ್ಕೆ ಗೋಡೆಯಿಂದ ಆಚೆಗೆ ಒಂದು ಪುಟ್ಟ ಮಾಡ ಹೊರಚಾಚಿ ಅದರಲ್ಲಿ ವೇದಿಕೆ ಕೂರಿಸಿದರು. ರೋಡೆನ್‌ಡೋರ್ಫ್‌ನ ನೈಟ್‌ಗಳ ಸಭಾಂಗಣದಲ್ಲಿ ವಿದೂಷಕರ ಮುಖವಾಡಗಳಿವೆ, ಬಾಗಿಲ ಮೇಲೊಂದು ಗುಲಾಬಿ: ಇಲ್ಲಿ ಏನು ಬೇಕಾದರೂ ಆಡಬಹುದು, ಆಡಿದ್ದು ಹೊಸ್ತಿಲು ದಾಟಬಾರದು. ಮೂರು ಮನೆಯವರು ಕೂತು ಮಾತಾಡುವ ಜಾಗಕ್ಕೆ ಇದಕ್ಕಿಂತ ಬೇಕಾದ ನಿಯಮ ಇನ್ಯಾವುದಿದ್ದೀತು!

1688–89ರಲ್ಲಿ ಫ್ರೆಂಚ್ ಸೇನೆ ರೈನ್ ಸೀಮೆಯ ಕೋಟೆಗಳನ್ನು ಸಾಲಾಗಿ ಕೆಡವಿತು. ಎಲ್ಟ್ಸ್ ಬಚಾವಾಯಿತು, ಏಕೆಂದರೆ ಮನೆತನದ ಹಾನ್ಸ್ ಆಂಟನ್ ಅದೇ ಸೇನೆಯಲ್ಲಿ ಅಧಿಕಾರಿಯಾಗಿದ್ದ. ಪಾಲುಗಳು ಮತ್ತೆ ಕೂಡಿದ್ದು 1815ರಲ್ಲಿ: ಕೌಂಟ್ ಹ್ಯೂಗೋ ಫಿಲಿಪ್ ಉಳಿದಿದ್ದ ರ್ಯೂಬೆನಾಖ್ ಮನೆಯನ್ನೂ ಕೊಂಡು ಒಬ್ಬನೇ ಒಡೆಯನಾದ.

ಸಿಡಿಗುಂಡಿಗಿಂತ ಹೆಚ್ಚು ಕಾಟ ಕೊಟ್ಟದ್ದು ನೀರು, ಬೆಂಕಿ. ಸ್ಲೇಟ್ ಒಂದೆರಡು ಜಾರಿದರೂ ಮಳೆನೀರು ಮರದ ತೊಲೆಗಳ ತುದಿಗೆ ಇಳಿಯುತ್ತದೆ. ಗೋಡೆಯೊಳಗೆ ಹುದುಗಿದ ಆ ತುದಿ ಕೊಳೆತರೂ ಹೊರಗಿನಿಂದ ತಿಳಿಯುವುದಿಲ್ಲ. 1845–88ರಲ್ಲಿ ಕೌಂಟ್ ಕಾರ್ಲ್ 1,84,000 ಮಾರ್ಕ್ ಸುರಿದು ದುರಸ್ತಿ ಮಾಡಿಸಿದ. ಹೊಸ ಅಲಂಕಾರ ಹೇರದೆ ಹಳೆಯದನ್ನೇ ಗಟ್ಟಿ ಮಾಡಿದ್ದು ಅವನ ದೊಡ್ಡತನ. 1920ರಲ್ಲಿ ಬೆಂಕಿ ಕೆಂಪೆನಿಖ್ ಭಾಗವನ್ನು ನುಂಗಿತು, ಮರುನಿರ್ಮಾಣಕ್ಕೆ ಹತ್ತು ವರ್ಷ ಹಿಡಿಯಿತು. 2009–12ರ ದುರಸ್ತಿಗೆ 44 ಲಕ್ಷ ಯೂರೋ ತಗುಲಿತು.

ಕೋಟೆ ಇಂದಿಗೂ ಅದೇ ವಂಶದ ಸ್ವತ್ತು. ಪ್ರವಾಸಿಗರಿಗೆ ರ್ಯೂಬೆನಾಖ್, ರೋಡೆನ್‌ಡೋರ್ಫ್ ಮನೆಗಳನ್ನು ತೋರಿಸುತ್ತಾರೆ. ಕೆಂಪೆನಿಖ್ ಮನೆಯ ಬಾಗಿಲು ಮನೆಯವರಿಗಷ್ಟೇ.