ಬಾಲ್ ಹೋದಲ್ಲಿಗೆ ಓಡುವ ಕ್ಯಾಪ್ಟನ್

2007ರ ಮಳೆಗಾಲ. ಮಂಗಳೂರಿನ ನೆಹರೂ ಮೈದಾನದಲ್ಲಿ ನೀರು ನಿಂತಿತ್ತು, ಹಾಗಾಗಿ ನಾವು ನಾಲ್ವರು ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ ಒಂದೇ ಕೀಬೋರ್ಡಿಗೆ ಮುಗಿಬಿದ್ದು ಕ್ರಿಕೆಟ್ ವಿಡಿಯೋ ಗೇಮ್ ಆಡುತ್ತಿದ್ದೆವು. ಎರಡೇ ದಿನದಲ್ಲಿ ಕಂಪ್ಯೂಟರ್ ಕ್ಯಾಪ್ಟನ್‌ನ ಗುಟ್ಟು ಬಯಲಾಯಿತು. ಕವರ್‌ನಲ್ಲಿ ಫೋರ್ ಹೊಡೆದರೆ ಪಾಯಿಂಟ್‌ನವನನ್ನು ಅಲ್ಲಿಗೆ ಕಳಿಸುತ್ತಾನೆ. ಖಾಲಿಯಾದ ಪಾಯಿಂಟ್‌ನಲ್ಲಿ ಕಟ್ ಮಾಡಿದರೆ ಅವನನ್ನೇ ವಾಪಸ್ ಎಳೆಯುತ್ತಾನೆ. ಪಾಪ, ಆ ಫೀಲ್ಡರ್ ಇಡೀ ಇನಿಂಗ್ಸ್ ಅತ್ತಿತ್ತ ಓಡಿದ.

ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ನಮ್ಮ ಅಂಡರ್‌ಆರ್ಮ್ ಟೂರ್ನಮೆಂಟ್‌ನಲ್ಲಿ ಇಂಥವನಿಗೆ ಯಾರೂ ಕ್ಯಾಪ್ಟನ್ಸಿ ಕೊಡುವುದಿಲ್ಲ. ಉಡುಪಿ ಕಡೆಯ ಪಳಗಿದ ಕ್ಯಾಪ್ಟನ್ "ದುಂಬು ಬಲ" ಎಂದು ತುಳುವಿನಲ್ಲಿ ಕೂಗಿ ಮಿಡ್‌ವಿಕೆಟ್‌ನವನನ್ನು ಬೇಕೆಂದೇ ಮುಂದೆ ಕರೆಯುತ್ತಾನೆ. ಬ್ಯಾಟ್ಸ್‌ಮನ್‌ಗೆ ಆಸೆ ಹುಟ್ಟಬೇಕು, ಎತ್ತಿ ಹೊಡೆಯಬೇಕು, ಗದ್ದೆಯ ಹುಣಿಯ ಮೇಲೆ ನಿಂತವನ ಕೈಗೆ ಕ್ಯಾಚ್ ಹೋಗಬೇಕು. ಅಲ್ಲಿ ಖಾಲಿ ಜಾಗವೇ ಬಲೆ.

ಈ ಬಲೆ ಹೆಣೆಯುವ ಬುದ್ಧಿ ವಿಡಿಯೋ ಗೇಮಿಗೆ ಯಾಕೆ ಬರಲಿಲ್ಲ? 1990ರ ದಶಕದ ನಡುವೆ, ಟಿವಿಗೆ ಜೋಡಿಸಿ ಆಡುವ ಸೆಗಾ ಮೆಗಾ ಡ್ರೈವ್‌ಗೆ ಬ್ರಯಾನ್ ಲಾರಾ ಕ್ರಿಕೆಟ್ ಬಂದಾಗ, ಚೆಂಡನ್ನು ಹೊಡೆಯಲು ಆದದ್ದೇ ದೊಡ್ಡ ಸಂಭ್ರಮ. 1998ರ ಇಂಟರ್‌ನ್ಯಾಷನಲ್ ಕ್ರಿಕೆಟ್ ಕ್ಯಾಪ್ಟನ್ ಬೇರೆ ದಾರಿ ಹಿಡಿಯಿತು. ಅದರಲ್ಲಿ ನೀವು ಬ್ಯಾಟ್ ಬೀಸುವುದಿಲ್ಲ. ತಂಡ ಆರಿಸುವುದು, ಫೀಲ್ಡ್ ಇಡುವುದು, ಯಾರು ಎಷ್ಟು ಆಕ್ರಮಣ ಮಾಡಬೇಕೆಂದು ಹೇಳುವುದು ಮಾತ್ರ. ಬ್ಯಾಟ್ ಬೀಸುವ ಆಟ, ಲೆಕ್ಕ ಹಾಕುವ ಆಟ ಎರಡೂ ಬೇರೆಬೇರೆ ಅಂಗಡಿಗಳಾಗಿಯೇ ಉಳಿದವು. ಜನ ಹೋದದ್ದು ಮೊದಲನೆಯದಕ್ಕೆ. 2006ರ ಕೊನೆಗೆ ಬಂದ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಆ ಕಂಪನಿಯ ಕ್ರಿಕೆಟ್ ಸರಣಿಯ ಕಡೆಯ ಆಟ. ಅದಕ್ಕೆ ಹೊಸ ಜರ್ಸಿ, ಹೊಸ ಮುಖ ಹಚ್ಚಿಕೊಂಡು ಹುಡುಗರು ವರ್ಷಗಟ್ಟಲೆ ಆಡಿದರು.

1997ರಲ್ಲೇ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ, ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ನನ್ನು ಚೆಸ್‌ನಲ್ಲಿ ಸೋಲಿಸಿತ್ತಲ್ಲ ಎನ್ನಬಹುದು. ಆದರೆ ಚೆಸ್‌ನಲ್ಲಿ ಅದೃಷ್ಟಕ್ಕೆ ಕೆಲಸವಿಲ್ಲ. ಕ್ರಿಕೆಟ್‌ನಲ್ಲಿ ಒಳ್ಳೇ ಬಾಲೂ ಎಡ್ಜ್ ತಾಗಿ ಫೋರ್ ಹೋಗುತ್ತದೆ, ಫುಲ್‌ಟಾಸ್‌ಗೂ ವಿಕೆಟ್ ಬೀಳುತ್ತದೆ. ಒಂದು ಬಾಲ್ ನೋಡಿ ಪ್ಲ್ಯಾನ್ ಸರಿಯೋ ತಪ್ಪೋ ಹೇಳಲಿಕ್ಕಾಗುವುದಿಲ್ಲ. ನಾಲ್ಕು ಔಟ್‌ಸ್ವಿಂಗರ್ ಹಾಕುವುದು ಐದನೆಯದನ್ನು ಒಳಗೆ ತರಲಿಕ್ಕೆ. ಸೈಬರ್ ಕೆಫೆಯ ನಮ್ಮ ಕ್ಯಾಪ್ಟನ್‌ಗೆ ಇದೇ ತಿಳಿಯದು.

ಲೆಕ್ಕ ಇಲ್ಲದಿರಲಿಲ್ಲ. 1997ರ ಜನವರಿ 1ರಂದು ಜಿಂಬಾಬ್ವೆ–ಇಂಗ್ಲೆಂಡ್ ಪಂದ್ಯದಲ್ಲಿ, ಮಳೆ ಬಂದಾಗ ಗುರಿ ಬದಲಿಸುವ ಡಕ್ವರ್ತ್–ಲೂಯಿಸ್ ನಿಯಮ ಮೊದಲ ಸಲ ಬಳಕೆಯಾಯಿತು. ಉಳಿದ ಓವರ್, ಉಳಿದ ವಿಕೆಟ್ ಎರಡನ್ನೂ ಕೂಡಿಸಿ ಕೈಯಲ್ಲಿರುವ ಬಂಡವಾಳವೆಂದು ಅಳೆಯುವ ಕೋಷ್ಟಕ ಅದು. 2012ರಲ್ಲಿ ನ್ಯೂಜಿಲೆಂಡ್ ಟಿವಿಯಲ್ಲಿ ಕಾಣಿಸಿಕೊಂಡ ವಾಸ್ಪ್ ಎಂಬ ಲೆಕ್ಕದ ವಿಧಾನ, ಕೊನೇ ಬಾಲಿನಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಚೇಸ್ ಗೆಲ್ಲುವ ಸಾಧ್ಯತೆ ಹೇಳಿತು. ಈಗ ಹೊಡೆಯಬೇಕೋ ನಿಲ್ಲಬೇಕೋ ಎಂದು ಕಂಪ್ಯೂಟರ್ ಬ್ಯಾಟ್ಸ್‌ಮನ್‌ಗೆ ಕಲಿಸಲು ಇಷ್ಟು ಧಾರಾಳ ಸಾಕು. ಫೀಲ್ಡ್ ಎಲ್ಲಿಡಬೇಕೆಂದು ಮಾತ್ರ ಇವು ಹೇಳುವುದಿಲ್ಲ.

2014ರಲ್ಲಿ ಮೆಲ್ಬರ್ನ್‌ನ ಬಿಗ್ ಆ್ಯಂಟ್ ತಂದ ಡಾನ್ ಬ್ರಾಡ್‌ಮನ್ ಕ್ರಿಕೆಟ್ 14, ಬಾಲ್ ಎಲ್ಲಿ ಬೀಳುತ್ತದೆಂದು ಪಿಚ್ ಮೇಲೆ ತೋರಿಸುವ ಗುರುತನ್ನೇ ತೆಗೆದುಹಾಕಿತು. ಅದರ ಕೆರಿಯರ್ ಮೋಡ್‌ನಲ್ಲಿ ಶುರುವಿನಲ್ಲಿ ನೀವು ಒಬ್ಬ ಆಟಗಾರ ಮಾತ್ರ, ಕ್ಯಾಪ್ಟನ್ ಕಂಪ್ಯೂಟರೇ. ಎದುರಾಳಿ ಕ್ಯಾಪ್ಟನ್ ಪೆದ್ದನಾದರೆ ನಮಗೆ ಲಾಭ, ನಮ್ಮವನೇ ಪೆದ್ದನಾದರೆ? ಕಂಪ್ಯೂಟರ್‌ನ ತಂತ್ರಗಾರಿಕೆ ಮುಖ್ಯವಾಗುವುದು ಇಂಥ ಆಟದಲ್ಲೇ.

ಅಗ್ಗದ ಉಪಾಯವೊಂದು ಮೊದಲಿಂದಲೂ ಉಂಟು. 'ಹಾರ್ಡ್' ಒತ್ತಿದರೆ ಎದುರಾಳಿಯ ತಲೆ ಚುರುಕಾಗುವುದಕ್ಕಿಂತ ಹೆಚ್ಚಾಗಿ ನಮ್ಮ ಟೈಮಿಂಗ್‌ಗೆ ಸಿಗುವ ಅವಕಾಶ ಕಿರಿದಾಗುತ್ತದೆ. ಇದನ್ನು ನಾನು ಮೋಸ ಎಂದೇ ಕರೆಯುವುದು.

ಮೊನ್ನೆ ಮಂಗಳೂರು–ಉಡುಪಿ ಬಸ್ಸಿನಲ್ಲಿ ಪಕ್ಕದ ಹುಡುಗ ಫೋನಿನಲ್ಲಿ ಎರಡು ಓವರ್‌ನ ಮ್ಯಾಚ್ ಶುರುಮಾಡಿದ್ದು ಪಡುಬಿದ್ರಿಯಲ್ಲಿ. ಕಾಪು ಮುಟ್ಟುವಷ್ಟರಲ್ಲಿ ಮುಗಿಸಿದ. ಹನ್ನೆರಡು ಬಾಲ್, ಒಂಬತ್ತು ಸಿಕ್ಸರ್. ಫೀಲ್ಡರ್‌ಗಳು ಎಲ್ಲಿದ್ದರು ಎಂದು ಕೇಳಿದೆ.

"ನೋಡ್ಲಿಲ್ಲ" ಎಂದ.