ಮಸ್ಕಿಗೆ ಕಾಲಯಂತ್ರ ಇನ್ನೂ ಯಾಕೆ ಬಂದಿಲ್ಲ?

1947ರ ಕೊನೆಯ ತಿಂಗಳುಗಳಲ್ಲಿ ಬಳ್ಳಾರಿ ಜಿಲ್ಲೆಯ ದಡದಿಂದ ತುಂಗಭದ್ರೆ ದಾಟಿ ಗಂಗಾವತಿ ಕಡೆಗೆ ಹೋದವರು ಲೆಕ್ಕಕ್ಕೆ 590 ವರ್ಷ ಹಿಂದಕ್ಕೆ ಹೋಗುತ್ತಿದ್ದರು. ಆಚೆ ದಡ ನಿಜಾಮನ ಸಂಸ್ಥಾನ. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಬರೆಯುತ್ತಿದ್ದರು. ಆಗ ಅಲ್ಲಿ 1357. ರೊಕ್ಕವೂ ಬೇರೆ. ಈಚೆ ಬ್ರಿಟಿಷರ ಕಲದಾರ ರೂಪಾಯಿ, ಆಚೆ ನಿಜಾಮನ ಹಾಲಿ ಸಿಕ್ಕಾ. ಆರು ಕಲದಾರಕ್ಕೆ ಸುಮಾರು ಏಳು ಹಾಲಿ. ನಡುವೆ ಸುಂಕ ವಸೂಲಿಯ ಕರೋಡಗಿರಿಯವರು. ಈಚೆ ದಡದ ಶಾಲೆಯಲ್ಲಿ ಹಾರಿಸಿದ ಬಾವುಟವನ್ನು ಆಚೆ ಹಿಡಿದುಕೊಂಡು ಹೋದರೆ ಜೈಲು. ಅಲ್ಲಿ ಅದು ರಾಜಾರೋಷವಾಗಿ ಹಾರಲು 1948ರ ಸೆಪ್ಟೆಂಬರ್ ಬರಬೇಕಾಯಿತು.

ಇದರಲ್ಲಿ ಮಕ್ಕಳ ಕಥೆಗೆ ಬೇಕಾದ್ದೆಲ್ಲ ಇದೆ ಅಲ್ವಾ? ತಪ್ಪು ವರ್ಷ, ನಡೆಯದ ನಾಣ್ಯ, ಬೆನ್ನು ಹತ್ತಿದ ಪೊಲೀಸ, ಕಿಸೆಯಲ್ಲಿ ಬಚ್ಚಿಟ್ಟ ಬಾವುಟ. ಆದರೆ ಇಂಥ ಕಥೆ ನಮ್ಮ ಕಡೆಯ ಪುಸ್ತಕದಂಗಡಿಯಲ್ಲಿ ಸಿಗುವುದು ಅಪರೂಪ. ಏಳರಿಂದ ಹತ್ತು ವರ್ಷದ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಸಣ್ಣ ಸಣ್ಣ ಪುಸ್ತಕಗಳಿವೆ. ಚಾಪ್ಟರ್ ಬುಕ್ ಅನ್ನುತ್ತಾರೆ. ಚಿತ್ರ ಇರುತ್ತದೆ, ಆದರೆ ಓದೇ ಜಾಸ್ತಿ. ಒಂದೊಂದು ಅಧ್ಯಾಯವೂ ಪೇಚಿನಲ್ಲಿ ನಿಲ್ಲುತ್ತದೆ, ಹಾಗಾಗಿ ಮಗು ಮುಂದಿನದನ್ನು ತಿರುವಲೇಬೇಕು. ಈ ಗುಂಪಿನಲ್ಲಿ ಒಂದು ತುಂಟ ಜಾತಿ ಇದೆ. ಈಗಿನ ಮಕ್ಕಳು ಯಾವುದೋ ಹಳೆಯ ಕಾಲಕ್ಕೆ ಹೋಗಿ ಬೀಳುತ್ತಾರೆ, ರಾಜನೆದುರು ಏನೋ ಎಡವಟ್ಟು ಮಾಡಿಕೊಂಡು ಹೇಗೋ ಪಾರಾಗಿ ಬರುತ್ತಾರೆ.

ಇದು ಪರದೇಶದ ಸರಕು ಎಂದು ತಳ್ಳಿಹಾಕುವ ಹಾಗಿಲ್ಲ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಕಕುದ್ಮಿ ರಾಜನ ಕಥೆ ಬರುತ್ತದೆ. ಮಗಳು ರೇವತಿಗೆ ಗಂಡು ಯಾರು ಎಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಹಾಡು ನಡೆದಿದೆ. ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ತಾನು ನೋಡಿಟ್ಟ ಗಂಡುಗಳ ವಿಷಯ ತೆಗೆದರೆ ಬ್ರಹ್ಮ ನಕ್ಕುಬಿಡುತ್ತಾನೆ. ನೀನು ಕಾದ ಹೊತ್ತಿನಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದವು, ಆ ಗಂಡುಗಳಿರಲಿ, ಅವರ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ ಎನ್ನುತ್ತಾನೆ. ಕೊನೆಗೆ ಬಲರಾಮನೇ ಗಂಡನಾಗುತ್ತಾನೆ. ಆದರೆ ಹಳೆಯ ಯುಗದ ರೇವತಿ ವಿಪರೀತ ಎತ್ತರ. ಬಲರಾಮ ನೇಗಿಲ ತುದಿಯಿಂದ ಅವಳನ್ನು ಗಿಡ್ಡ ಮಾಡಿಕೊಂಡ ಎಂದು ವಿಷ್ಣುಪುರಾಣ ಹೇಳುತ್ತದೆ. ಕಾಲ ದಾಟಿ ಬಂದವರ ಪೇಚಾಟ, ಅದರ ಮೇಲೊಂದು ನಗು. ಎರಡೂ ನಮ್ಮಲ್ಲಿ ಮೊದಲೇ ಇದ್ದವು.

ಪಶ್ಚಿಮದಲ್ಲಿ ಇದು ದೊಡ್ಡವರ ಪುಸ್ತಕಗಳಿಂದ ಶುರುವಾಯಿತು. 1889ರಲ್ಲಿ ಮಾರ್ಕ್ ಟ್ವೈನ್ ತನ್ನ ಕಾಲದ ಒಬ್ಬ ಅಮೆರಿಕದವನನ್ನು ಆರ್ಥರ್ ರಾಜನ ಆಸ್ಥಾನಕ್ಕೆ ಎಸೆದು ನಗಿಸಿದ. 1895ರಲ್ಲಿ ಎಚ್. ಜಿ. ವೆಲ್ಸ್ ಕಾಲಯಂತ್ರವನ್ನು ತಂದ, ಅದು ಗಂಭೀರದ್ದು. ಮಕ್ಕಳ ಕೈಗೆ ಈ ಆಟ ಕೊಟ್ಟವಳು ಇ. ನೆಸ್ಬಿಟ್. ಅವಳ 1906ರ ಪುಸ್ತಕದಲ್ಲಿ ಲಂಡನ್ನಿನ ನಾಲ್ವರು ಮಕ್ಕಳು ಒಂದು ತಾಯಿತದ ಬಲದಿಂದ ಹಳೆಯ ಈಜಿಪ್ಟಿಗೂ ಬ್ಯಾಬಿಲೋನಿಗೂ ಹೋಗಿ ಬರುತ್ತಾರೆ. ಅದರಲ್ಲಿ ಒಂದು ಪ್ರಸಂಗ ಇವತ್ತಿಗೂ ಹರಿತವಾಗಿದೆ. ಬ್ಯಾಬಿಲೋನಿನ ರಾಣಿ ಮಕ್ಕಳ ಹಿಂದೆಯೇ ಲಂಡನ್ನಿಗೆ ಬರುತ್ತಾಳೆ. ಬ್ರಿಟಿಷ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಲ್ಲಿ ತನ್ನವೇ ಒಡವೆಗಳನ್ನು ನೋಡಿ, ಇವು ನನ್ನವು, ಕೊಡಿ ಎಂದು ಗಲಾಟೆ ಎಬ್ಬಿಸುತ್ತಾಳೆ. ಕೊಳ್ಳೆಯ ಮಾಲಿನ ಬಗ್ಗೆ ದೊಡ್ಡವರು ಪುಟಗಟ್ಟಲೆ ವಾದ ಮಾಡುವುದನ್ನು ನೆಸ್ಬಿಟ್ ಒಂದು ತಮಾಷೆಯಲ್ಲಿ ಮುಗಿಸಿದ್ದಾಳೆ. ಆ ಕಾಲದವರ ಮಾತು ಈ ಮಕ್ಕಳಿಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆಗೂ ಅವಳು ತಲೆ ಕೆಡಿಸಿಕೊಳ್ಳುವುದಿಲ್ಲ. ಅದನ್ನು ವಿವರಿಸುವುದು ನನ್ನಿಂದಾಗದು ಎಂದು ಸುಮ್ನೆ ಮುಂದೆ ಹೋಗುತ್ತಾಳೆ. ಜಾಣೆ.

ಈಗ ನಾವು ಕಾಣುವ ತೆಳ್ಳಗಿನ, ನಗಿಸುವ ಸರಣಿಗಳು 1990ರ ದಶಕದವು. ನ್ಯೂಯಾರ್ಕಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ಜಾನ್ ಶೆಸ್ಕಾ 1991ರಲ್ಲಿ ಮೂವರು ಗೆಳೆಯರ ಸರಣಿ ಶುರು ಮಾಡಿದ. ಜಾದೂಗಾರ ಮಾವ ಕೊಟ್ಟ ಪುಸ್ತಕ ತೆರೆದರೆ ಹಸಿರು ಮಂಜು ಏಳುತ್ತದೆ, ಹುಡುಗರು ಬೇರೆ ಕಾಲದಲ್ಲಿ ಬೀಳುತ್ತಾರೆ. ಮನೆಗೆ ಬರಬೇಕಾದರೆ ಅದೇ ಪುಸ್ತಕ ಆ ಕಾಲದಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಮರುವರ್ಷವೇ ಮೇರಿ ಪೋಪ್ ಆಸ್ಬೋರ್ನ್ ಅವರ ಮರದ ಮೇಲಿನ ಮನೆಯ ಸರಣಿ ಬಂತು. ಅದು ಕೊಂಚ ಸಾಧು. ಶೆಸ್ಕಾನ ಪುಸ್ತಕಗಳಲ್ಲಿ ಮಾತ್ರ ಹುಡುಗರು ಹುಡುಗರ ಹಾಗೆಯೇ ಇರುತ್ತಾರೆ. ಹೊಲಸು ಜೋಕು ಹೊಡೆಯುತ್ತಾರೆ, ಹೆದರುತ್ತಾರೆ, ಸುಳ್ಳು ಬಿಡುತ್ತಾರೆ. ಪುಸ್ತಕ ಕಂಡರೆ ಓಡಿಹೋಗುವ ಗಂಡುಮಕ್ಕಳನ್ನು ಓದಿಗೆ ಹಚ್ಚಬೇಕು ಎನ್ನುವುದು ಅವನ ಹಟವಾಗಿತ್ತು. 2008ರಲ್ಲಿ ಅಮೆರಿಕ ಮಕ್ಕಳ ಸಾಹಿತ್ಯಕ್ಕೆ ಮೊದಲ ಸಲ ಒಬ್ಬ ರಾಷ್ಟ್ರೀಯ ರಾಯಭಾರಿಯನ್ನು ನೇಮಿಸಿದಾಗ ಆ ಗೌರವ ಸಿಕ್ಕಿದ್ದು ಅವನಿಗೇ.

ಇನ್ನು ನಮ್ಮ ಕಡೆಯ ಕಥೆ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ನಗು ಹೊಸದಲ್ಲ. ಪಂಜೆ ಮಂಗೇಶರಾಯರು ಅದನ್ನು ನಗಿಸುತ್ತಲೇ ಬೆಳೆಸಿದರು. ಅವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ರಾಯಚೂರಿನಲ್ಲೇ, 1934ರಲ್ಲಿ. ಊರು ನಿಜಾಮನದು, ಆಡಳಿತದ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲೇ. ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥವು ಬೆರಳೆಣಿಕೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರವರೆಗೂ ಅಲ್ಲಿ ಕನ್ನಡಕ್ಕೂ ತೆಲುಗಿಗೂ ಜಗ್ಗಾಟ. ಮಕ್ಕಳ ಪುಸ್ತಕಗಳು ಅಚ್ಚಾಗಿ ಬರುತ್ತಿದ್ದುದು ಮಂಗಳೂರು, ಮೈಸೂರು, ಧಾರವಾಡಗಳಿಂದ. ಹೀಗಾಗಿ ಮಕ್ಕಳ ಕಥೆಗಳಲ್ಲಿ ಘಟ್ಟದ ಕಾಡು ಬಂತು, ಅರಮನೆ ಬಂತು. ನಮ್ಮ ಗುಂಡುಗಲ್ಲಿನ ಗುಡ್ಡ ಬರಲಿಲ್ಲ.

ಆಮೇಲೆ ಇತಿಹಾಸ ಬಂತು, ಆದರೆ ಕೈಮುಗಿದುಕೊಂಡು ಬಂತು. 1970ರ ದಶಕದಲ್ಲಿ ಶುರುವಾದ ಭಾರತ-ಭಾರತಿ ಮಾಲೆಯ ಪುಟಾಣಿ ಪುಸ್ತಕಗಳು 500ಕ್ಕೂ ಹೆಚ್ಚು. ಒಂದು ತಲೆಮಾರಿಗೆ ಓದುವ ರುಚಿ ಹತ್ತಿಸಿದ್ದೇ ಅವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವುಗಳಲ್ಲಿ ಮಹಾಪುರುಷರು ಹುಟ್ಟುವಾಗಲೇ ಮಹಾಪುರುಷರು. ಅವರ ಮುಂದೆ ಮೂಗಿನಲ್ಲಿ ಬೆರಳಿಟ್ಟುಕೊಂಡು ನಿಂತ ಹುಡುಗನಿಗೆ ಜಾಗವಿಲ್ಲ. ಆಸ್ಥಾನದಲ್ಲಿ ತುಂಟತನಕ್ಕೆ ಅನುಮತಿ ಇದ್ದದ್ದು ತೆನಾಲಿ ರಾಮಕೃಷ್ಣನೊಬ್ಬನಿಗೆ. ಅವನೂ ದೊಡ್ಡವನೇ.

ಗಡಿಯಾಚೆಯಿಂದ ಒಂದು ಗಾಳಿ ಬೀಸಿದ್ದು 1991ರಲ್ಲಿ. ಸಿಂಗೀತಂ ಶ್ರೀನಿವಾಸ ರಾವ್ ಅವರ ತೆಲುಗು ಚಿತ್ರ ‘ಆದಿತ್ಯ 369’ ತನ್ನ ನಾಯಕನನ್ನು ಕಾಲಯಂತ್ರದಲ್ಲಿ ಕೂರಿಸಿ 1526ರ ವಿಜಯನಗರಕ್ಕೆ ಕಳಿಸಿತು. ತೆಲುಗು ಸಿನಿಮಾ ಬಳ್ಳಾರಿ, ರಾಯಚೂರಿನವರಿಗೆ ಮನೆಯ ಸಿನಿಮಾ. ಕೃಷ್ಣದೇವರಾಯನ ಎದುರು ಈ ಕಾಲದವನೊಬ್ಬ ತಡಬಡಾಯಿಸಿದರೆ ರಾಯರ ಘನತೆಗೇನೂ ಕುಂದಿಲ್ಲ, ನೋಡುವವರಿಗೆ ಆ ಕಾಲ ಇನ್ನೂ ಹತ್ತಿರವಾಗುತ್ತದೆ ಎಂಬುದು ಅದರಲ್ಲಿ ಗೊತ್ತಾಯಿತು. ಆದರೆ ತೆರೆಯ ಮೇಲಿನ ಆ ಧೈರ್ಯ ಇಲ್ಲಿನ ಮಕ್ಕಳ ಪುಸ್ತಕಗಳಿಗೆ ಅಷ್ಟಾಗಿ ಇಳಿಯಲಿಲ್ಲ.

ಸಾಮಗ್ರಿಗೇನು ಕೊರತೆ? ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನವನ್ನೇ ತೆಗೆದುಕೊಳ್ಳಿ. ಬ್ರಾಹ್ಮಿ ಲಿಪಿಯನ್ನು ಓದಿದ್ದು 1837ರಲ್ಲಿ. ಆದರೆ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದೇ ಇರುತ್ತಿತ್ತು. ಆ ರಾಜ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಚಿನ್ನ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆ ಕಂಡ ಮೇಲೆ. ಅಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆ ಹೆಸರಿರುವ ಶಾಸನಗಳು ಸಿಗುವುದೇ ವಿರಳ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಇದೆ. ಈ ಸೀಮೆಯಲ್ಲೇ ಯಾಕೆ? ಪಂಡಿತರು ಇದಕ್ಕೆ ಗಂಭೀರ ಕಾರಣ ಹುಡುಕಲಿ. ಕಥೆ ಬರೆಯುವವರಿಗೆ ಇಷ್ಟು ಸಾಕು: ಕಲ್ಲು ಕಡಿಯುವವನ ಪಕ್ಕದಲ್ಲಿ ಈ ಕಾಲದ ಹುಡುಗಿಯೊಬ್ಬಳು ನಿಂತು, ‘ಅಣ್ಣಾ, ಬರೀ ಬಿರುದು ಬರೆದ್ರೆ ಪರೀಕ್ಷೇಲಿ ಯಾರು ಅಂತ ಗೊತ್ತಾಗಲ್ಲ, ಹೆಸರು ಹಾಕಿ’ ಎಂದು ಪೀಡಿಸಿದಳು.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಕಲ್ಲಿದೆ. ಅಂಥ ಕಲ್ಲನ್ನು ಹೇಗೆ ತಂದರು ಎಂಬ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಸಾಲು ಕೋಣಗಳು, ಗಾಡಿ, ಚಕ್ರಕ್ಕೆ ಸನ್ನೆಗೋಲು ಕೊಡುವ ಜನ. ಆ ಸಾಲಿನಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡವನೊಬ್ಬ ಇದ್ದರೆ? ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ. ನಿಜಕ್ಕೆ ಅವು ಬೃಹತ್ ಶಿಲಾಯುಗದ ಗೋರಿಗಳು. ಸುತ್ತಿನವರು ಮೋರ್ಯರ ಮನೆ ಎನ್ನುತ್ತಾರೆ, ಕುಳ್ಳ ಜನ ಇದ್ದರಂತೆ ಎಂದು ಹೇಳುತ್ತಾರೆ. ಅಲ್ಲಿ ಬಂಡೆಯ ಮೇಲೊಂದು ಕಲ್ಲಿನ ನಗಾರಿಯೂ ಇದೆ. ಬಡಿದರೆ ದೂರಕ್ಕೆ ಕೇಳುತ್ತದೆ. ಬಳ್ಳಾರಿ ಪಕ್ಕದ ಕಪ್ಪಗಲ್ಲಿನಲ್ಲೂ ಗಂಟೆಯ ಹಾಗೆ ಸದ್ದು ಮಾಡುವ ಕಲ್ಲುಗಳಿವೆ. ಸಮಯ ದಾಟುವ ಬಾಗಿಲಿಗೆ ಹಸಿರು ಮಂಜು ಯಾಕೆ ಬೇಕು, ಈ ಕಲ್ಲು ಬಡಿದರೆ ಸಾಲದೇ?

ತಮಾಷೆ ಮಾಡಿದರೆ ಮಕ್ಕಳು ತಪ್ಪು ಇತಿಹಾಸ ಕಲಿಯುತ್ತಾರೆ ಎಂಬ ಅಂಜಿಕೆ ಕೆಲವರಿಗಿದೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ. ಈ ಕಥೆಗಳಲ್ಲಿ ದೊಡ್ಡ ಸುಳ್ಳು ಒಂದೇ, ಹಿಂದಕ್ಕೆ ಹೋಗುವುದು. ಉಳಿದದ್ದು ನಿಜವಾಗಿದ್ದರಷ್ಟೇ ನಗು ಹುಟ್ಟುತ್ತದೆ. ಅಶೋಕನ ಕಾಲದ ಮಸ್ಕಿಯಲ್ಲಿ ಹಸಿದ ಹುಡುಗ ಒಗ್ಗರಣೆ-ಮಿರ್ಚಿ ಕೇಳಿದರೆ ಸಿಗುವುದಿಲ್ಲ. ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲದಲ್ಲಿ. ಟೊಮೆಟೊ, ಶೇಂಗಾ ಕೂಡ ಆಗಿರಲಿಲ್ಲ. ಇದು ಪಾಠದಲ್ಲಿ ಓದಿದರೆ ಮರೆತುಹೋಗುತ್ತದೆ, ಹುಡುಗ ಹಸಿದು ಅತ್ತರೆ ನೆನಪಿರುತ್ತದೆ.

ಎಲ್ಲಕ್ಕಿಂತ ಕಷ್ಟದ, ಎಲ್ಲಕ್ಕಿಂತ ಒಳ್ಳೆಯ ಕಥೆ ಬಳ್ಳಾರಿ ಕೋಟೆಯದು. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನಿಂದ ಕೋಟೆ ಭದ್ರ ಮಾಡಿಸಿದನಂತೆ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರ, ಅಲ್ಲಿಂದ ಫಿರಂಗಿ ಹಾರಿಸಬಹುದು ಎಂದು ಕಂಡುಬಂತಂತೆ. ಎಂಜಿನಿಯರನನ್ನು ಅಲ್ಲೇ ನೇಣಿಗೇರಿಸಿದರು ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಈಗ ಮೂವರು ಮಕ್ಕಳು ಅಲ್ಲಿ ಹೋಗಿ ಬಿದ್ದಿದ್ದಾರೆ ಎನ್ನಿ. ಕೋಟೆ ಇನ್ನೂ ಅರ್ಧ ಕಟ್ಟಿದೆ. ಎಂಜಿನಿಯರ್ ಅವರಿಗೆ ಊಟ ಹಾಕಿದ್ದಾನೆ, ಒಳ್ಳೆಯವನು. ಕುಂಬಾರ ಗುಡ್ಡದ ವಿಷಯ ಅವನಿಗೆ ಹೇಳಬೇಕೋ ಬೇಡವೋ? ಹೇಳಿದರೆ ಅವನು ಉಳಿಯುತ್ತಾನೆ, ಆದರೆ ಅವರ ಊರಿನ ಕೋಟೆ ಬೇರೆಯದೇ ಆಗುತ್ತದೆ. ಅಷ್ಟರಲ್ಲಿ ಮೂವರಲ್ಲಿ ಚಿಕ್ಕವಳು ಬಾಯಿ ತೆರೆದುಬಿಟ್ಟಿದ್ದಾಳೆ.